ಬೇರಿಗೆ ಹತ್ತಿದ ಕೆಮ್ಮಣ್ಣು

ಮಧ್ಯಾಹ್ನ ಒಂದೂವರೆಗೆ ತೆಪ್ಪ ಕೆರೆಯ ನಡುವೆ ನಿಂತುಹೋಯಿತು.

ಅದರಲ್ಲಿ ಇಬ್ಬರಿದ್ದರು. ಹುಟ್ಟು ಹಾಕುತ್ತಿದ್ದವನು ಚನ್ನಬಸವ. ಎದುರಿಗೆ ಕಾಲು ಮಡಿಸಿ, ಎರಡೂ ಕೈಯಲ್ಲಿ ಬುಟ್ಟಿಯಂಥ ದುಂಡು ತೆಪ್ಪದ ಅಂಚು ಹಿಡಿದು ಕೂತಿದ್ದವರು ಇನ್‌ಸ್ಪೆಕ್ಟರ್ ಗುರುಪಾದಸ್ವಾಮಿ.

ಒಂಬತ್ತು ದಿನದ ಹಿಂದೆ ಇದೇ ಹೊಂಗೆಕೆರೆಯ ಮೆಟ್ಟಿಲ ಬಳಿ ಚನ್ನಬಸವನ ದೊಡ್ಡಪ್ಪ ಸದಾಶಿವಪ್ಪನವರ ಶವ ಸಿಕ್ಕಿತ್ತು. ಸೊಂಟಕ್ಕೆ ಸುತ್ತಿದ್ದ ಹಗ್ಗ ತನ್ನದೆಂದು ಒಪ್ಪಿಕೊಂಡ ಮೀನು ಗುತ್ತಿಗೆದಾರ ರಂಗರಾಜು ಕೊಳ್ಳೇಗಾಲದ ಲಾಕಪ್ಪಿನಲ್ಲಿದ್ದ. ಪೊಲೀಸ್ ವಶದ ಅವಧಿ ನಾಳೆ ಬೆಳಗ್ಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಬೇರೆ ಸಾಕ್ಷ್ಯ ಸಿಕ್ಕರೆ ಮಾತ್ರ ಅವನ ಬಿಡುಗಡೆಗೆ ಬರೆಯಬಹುದಿತ್ತು. ಇಲ್ಲದಿದ್ದರೆ ಮೈಸೂರಿನ ಜೈಲು.

“ಯೋಳಿದ್ನಲ್ಲ ಸಾ, ಗಾಳಿ ಎದ್ರೆ ಕಷ್ಟ ಅಂತ,” ಎಂದ ಚನ್ನಬಸವ. “ಆಷಾಢದ ಗಾಳಿ ಇದು. ಮಧ್ಯಾನಕ್ಕೆ ಏಳ್ತದೆ, ಹೊತ್ತು ಮುಳುಗೋಗಂಟ ಇಳಿಯಲ್ಲ.”

“ದಾರಿ ಇತ್ತಲ್ಲ?”

“ಇತ್ತು. ಈಗಿಲ್ಲ.”

ಇನ್‌ಸ್ಪೆಕ್ಟರ್ ಸುತ್ತ ನೋಡಿದರು. ನಿಜ. ಹತ್ತು ನಿಮಿಷದ ಹಿಂದೆ ತೆಪ್ಪದ ಮುಂದೆ ಎತ್ತಿನಗಾಡಿ ಹೋಗುವಷ್ಟು ಅಗಲದ ನೀರಿತ್ತು. ಈಗ ನಾಲ್ಕು ಕಡೆಯೂ ಅಂತರಗಂಗೆ. ಊದಿದ ತೊಟ್ಟು, ಅಂಗೈಯಗಲದ ಎಲೆ, ನಡುನಡುವೆ ನೇರಳೆ ಹೂವು. ದೂರದಿಂದ ನೋಡುವವರಿಗೆ ನಾಟಿ ಮಾಡಿದ ಗದ್ದೆಯ ನಡುವೆ ಯಾರೋ ಇಬ್ಬರು ಕೂತಂತೆ ಕಾಣಬೇಕು.

ಯಳಂದೂರಿನ ಕಡೆಯ ಈ ಕೆರೆಯ ಮುಕ್ಕಾಲು ಪಾಲು ಈ ಗಿಡವೇ. ಊರಿನವರು ಸೊಪ್ಪು ಅನ್ನುತ್ತಾರೆ. ದನ ಮೂಸಿ ಬಿಡುವ ಸೊಪ್ಪು. ಅದು ನೆಲಕ್ಕೆ ಅಂಟಿಲ್ಲ. ಗಾಳಿ ತಳ್ಳಿದ ಕಡೆಗೆ ಹೋಗುತ್ತದೆ.

ಚನ್ನಬಸವ ಹುಟ್ಟನ್ನು ಸೊಪ್ಪಿನೊಳಗೆ ಚುಚ್ಚಿದ. ಅದು ನೀರು ಮುಟ್ಟಲಿಲ್ಲ. ಬಿದಿರಿನ ಗಳ ಇಳಿಸಿದ. ಎರಡಾಳು ಉದ್ದದ ಗಳ ಪೂರ್ತಿ ಹೋಯಿತು, ತಳ ಸಿಗಲಿಲ್ಲ.

“ಇಳಿದು ತಳ್ಳಿದರೆ?”

“ಯಾರ್ ಸಾ, ನೀವಾ?” ಚನ್ನಬಸವ ನಕ್ಕ. “ನಿಮ್ಮೂರು ಹೂಗ್ಯಂ, ಬರದ ಸೀಮೆ. ಆ ಕಡೆಯೋರಿಗೆ ನೀರು ಅಂದ್ರೆ ಕುಡಿಯೋಕೆ ಮಾತ್ರ ಅಂತಾರೆ. ಈಜು ಬತ್ತದಾ?”

“ಬರಲ್ಲ.”

“ಬಂದ್ರೂವೆ ಉಪಯೋಗ ಇಲ್ಲ ಬುಡಿ. ಇದ್ರ ಮ್ಯಾಲೆ ಕಾಲಿಟ್ರೆ ತಡೆಯಲ್ಲ, ಒಳಿಕ್ಕೆ ಬುಡ್ತದೆ. ಒಳಗೋದ ಮ್ಯಾಲೆ ತಲೆ ಮ್ಯಾಲೆ ಮುಚ್ಕತದೆ. ತಿರ್ಗಾ ಮ್ಯಾಲೆ ಬರೋಕೆ ತೂತೇ ಸಿಗಲ್ಲ. ಎಮ್ಮೆನೇ ಸತ್ತವೆ ಇಲ್ಲಿ.”

ತೆಪ್ಪದ ಬಿದಿರು ಕಿರುಗುಟ್ಟುತ್ತಿತ್ತು. ಸೊಪ್ಪು ಒತ್ತುತ್ತಿತ್ತು.

ಈ ಕೆರೆಯಲ್ಲಿ ದಾರಿ ತಾನಾಗಿ ಇರುವುದಿಲ್ಲ, ಕಟ್ಟಬೇಕು. ಬಾಳೆದಿಂಡುಗಳನ್ನು ಉದ್ದನೆಯ ಹಗ್ಗಕ್ಕೆ ಬಿಗಿದು, ಒಂದು ತುದಿಯನ್ನು ಮೂಡಲ ದಡದ ಮೆಟ್ಟಿಲ ಬಳಿಯ ಕಲ್ಲಿಗೂ ಇನ್ನೊಂದನ್ನು ಪಡುವಲ ದಡದ ಹೊಂಗೆ ಮರಕ್ಕೂ ಕಟ್ಟುತ್ತಾರೆ. ಗಾಳಿ ತಂದ ಸೊಪ್ಪು ದಿಂಡಿಗೆ ತಡೆದು ನಿಲ್ಲುತ್ತದೆ. ಆಚೆ ಬದಿ ನೀರು ತೆರೆದಿರುತ್ತದೆ. ದಿಂಡು ಕೆಲವೇ ದಿನದಲ್ಲಿ ಕೊಳೆಯುವುದರಿಂದ ಬದಲಿಸುತ್ತಲೇ ಇರಬೇಕು. ಅದು ರಂಗರಾಜುವಿನ ಕೆಲಸ.

ರಂಗರಾಜು ಲಾಕಪ್ಪಿನಲ್ಲಿದ್ದರೂ ದಾರಿ ಮುಚ್ಚಿರಲಿಲ್ಲ. ಯಾಕೆಂದು ಇನ್‌ಸ್ಪೆಕ್ಟರಿಗೆ ಅಂದು ಬೆಳಗ್ಗೆ ಗೊತ್ತಾಗಿತ್ತು. ರಂಗರಾಜುವಿನ ಹೆಂಡತಿ ಲಕ್ಷ್ಮಿದೇವಿ ಹೆಗಲ ಮೇಲೆ ಹಸಿ ಬಾಳೆದಿಂಡು ಹೊತ್ತು ಮೆಟ್ಟಿಲಿಗೆ ಬಂದಿದ್ದಳು.

“ಇದನ್ನ ಯಾಕಮ್ಮ ಕಟ್ತೀಯ? ಮೀನು ಹಿಡಿಯೋರೇ ಇಲ್ಲವಲ್ಲ.”

“ಅವ್ರು ಬಂದಾಗ ದಾರಿ ಇರ್ಬೇಕಲ್ಲ ಸ್ವಾಮಿ? ಒಂದ್ಸಲ ಮುಚ್ಕಂಡ್ರೆ ಬುಡ್ಸೋಕೆ ಆಳು ಬೇಕು. ನಮಗ್ಯಾರು ಬತ್ತರೆ ಈಗ?” ಎಂದಿದ್ದಳು. ಆಮೇಲೆ ನೀರಿಗಿಳಿದು, ಕುತ್ತಿಗೆಮಟ್ಟ ನೀರಿನಲ್ಲಿ ನಿಂತು ಕೊಳೆತ ದಿಂಡನ್ನು ಬಿಚ್ಚತೊಡಗಿದ್ದಳು. “ನಾಳೀಕೆ ಬುಡ್ತೀರಾ ಅವ್ರ್ನ?” ಎಂದು ತಿರುಗಿ ನೋಡದೆ ಕೇಳಿದ್ದಳು.

ಇನ್‌ಸ್ಪೆಕ್ಟರ್ ಮೆಟ್ಟಿಲ ಮೂಲೆಯ ಕಡೆ ತಿರುಗಿದ್ದರು.

ಮೆಟ್ಟಿಲ ಮೇಲೆ ಇನ್ನೊಂದು ವಸ್ತು ಅವರ ಕಣ್ಣಿಗೆ ಬಿದ್ದಿತ್ತು. ಶವ ಎತ್ತಿದ ದಿನ ಅದಕ್ಕೆ ಸುತ್ತಿಕೊಂಡಿದ್ದ ಅಂತರಗಂಗೆಯನ್ನು ಬಿಡಿಸಿ ಮೂಲೆಗೆ ಎಸೆದಿದ್ದರು. ಯಾರೂ ಗುಡಿಸಿರಲಿಲ್ಲ. ಒಣಗಿ ಹುಲ್ಲಾಗಿತ್ತು. ಅದರಲ್ಲಿ ಒಂದು ಹಿಡಿಯನ್ನು ಅವರು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿದ್ದರು.

ಈಗ ಆ ಚೀಲ ತೆಗೆದರು.

“ಚನ್ನಬಸವ, ಶವ ಮೊದಲು ನೋಡಿದ್ದು ನೀವು.”

“ಹೂಂ ಸಾ. ಬೆಳಕು ಹರೀತಿದ್ದಂಗೆ ಮುಖ ತೊಳಿಯೋಕೆ ಬಂದೆ. ಸೊಪ್ಪಿನ ಒಳಗೆ ಬಿಳೇದು ಕಾಣ್ತು. ಪಂಚೆ. ಎಳ್ದೆ. ದೊಡ್ಡಪ್ಪ.”

“ಮೆಟ್ಟಿಲ ಮುಂದೇನೇ?”

“ಕೊನೆ ಮೆಟ್ಟಿಲಿಂದ ಒಂದು ಮಾರು. ಅಲ್ಲಿ ಆಳ ಅದೆ. ಸ್ಟೇಟ್‌ಮೆಂಟ್‌ನಲ್ಲಿ ಬರ್ಸಿವ್ನಲ್ಲ.”

“ಬರೆಸಿದ್ದೀರಿ. ದೂರು ಕೊಟ್ಟವರು ನಿಮ್ಮ ದೊಡ್ಡಮ್ಮ.”

“ಹೂಂ. ಶಿವರತ್ನಮ್ಮನೋರು. ಹಗ್ಗ ನೋಡಿದ್ದೇ ಅವ್ರು, ಇದು ರಂಗರಾಜುದು ಅಂದ್ರು.”

ಇನ್‌ಸ್ಪೆಕ್ಟರ್ ಅಂಚಿನಾಚೆ ಕೈ ಹಾಕಿ ಒಂದು ಗಿಡ ಎತ್ತಿದರು. ಸಲೀಸಾಗಿ ಬಂತು. ಕೆಳಗೆ ಮೊಳದುದ್ದದ ಬೇರು, ಎಣ್ಣೆ ಹಚ್ಚಿ ಬಾಚಿದ ಕೂದಲಿನಂತೆ, ಕಪ್ಪಗೆ, ನುಣ್ಣಗೆ. ನೀರು ಸೋರಿತು. ಬೇರಿನಲ್ಲಿ ಒಂದು ಕಣ ಮಣ್ಣಿರಲಿಲ್ಲ.

“ತೇಲುವ ಗಿಡಕ್ಕೆ ಮಣ್ಣು ಎಲ್ಲಿಂದ ಬರಬೇಕು?” ಎಂದು ಅದನ್ನು ಚನ್ನಬಸವನ ಕಾಲ ಬಳಿ ಇಟ್ಟರು. ಪಕ್ಕದಲ್ಲಿ ಚೀಲದ ಒಣ ಗಿಡ ಇಟ್ಟರು. ಅದರ ಬೇರು ಮುದ್ದೆಗಟ್ಟಿತ್ತು. ಮುದ್ದೆಯೊಳಗೆ ಮಣ್ಣು. ಕೆಂಪು.

ಚನ್ನಬಸವ ನೋಡಿದ. “ಎಳೆದಾಡ್ದಾಗ ಹತ್ತಿರ್ತದೆ ಸಾ.”

“ಮೆಟ್ಟಿಲ ಹತ್ತಿರ ಇರೋದು ಕೆರೆ ಗೋಡು. ಕಪ್ಪು. ಇದು ಕೆಮ್ಮಣ್ಣು.”

“ಊರೆಲ್ಲ ಕೆಮ್ಮಣ್ಣೇಯ.”

“ಊರಲ್ಲಿ. ಕೆರೆ ಒಳಗಲ್ಲ. ಕೆರೆಯಲ್ಲಿ ಕೆಮ್ಮಣ್ಣು ಇರೋದು ಬೆಟ್ಟದ ಹಳ್ಳ ಬಂದು ಸೇರೋ ಪಡುವಲ ಮೂಲೆಯಲ್ಲಿ. ಅಲ್ಲಿ ನೀರು ಮೊಣಕಾಲಿಗಿಲ್ಲ, ಸೊಪ್ಪು ಕೆಸರಿಗೆ ಬೇರು ಬಿಟ್ಟುಕೊಂಡಿದೆ. ನಿಮ್ಮ ಪಂಪ್‌ಹೌಸಿನ ಪಕ್ಕ.”

ಆ ಜಾಗವನ್ನು ನೋಡಬೇಕೆಂದೇ ಅವರು ಹೊರಟದ್ದು. ಗಿಡ ಕಿತ್ತ ಗುರುತು ಅಲ್ಲಿ ಇದ್ದೇ ಇರಬೇಕು. ಪಂಪ್‌ಹೌಸಿಗೆ ಕಬ್ಬಿನ ಗದ್ದೆ ಬಳಸಿ ಗಾಡಿದಾರಿ ಇದೆ. ಆದರೆ ಮೂಲೆಯ ಕೆಸರಿಗೆ ದಡದಿಂದ ಇಳಿಯಲು ಆಗುವುದಿಲ್ಲ, ಸೊಂಟದವರೆಗೆ ಹೂಳುತ್ತದೆ. ತೆಪ್ಪದಲ್ಲೇ ಹೋಗಬೇಕು. ಊರಿನಲ್ಲಿ ತೆಪ್ಪ ಒಂದೇ ಇತ್ತು. ಇನ್‌ಸ್ಪೆಕ್ಟರ್ ಹೇಳದೆ ಬಂದಾಗ ಚನ್ನಬಸವ ಅದರಲ್ಲಿ ಕೂತು ಹೊರಡುತ್ತಿದ್ದ.

ಕಾನ್‌ಸ್ಟೇಬಲ್ ಶಿವಯ್ಯನನ್ನು ಮೆಟ್ಟಿಲ ಬಳಿ ಬಿಟ್ಟಿದ್ದರು. ಜೀಪು ಬಂದೋಬಸ್ತಿಗೆಂದು ಹನೂರಿಗೆ ಹೋಗಿತ್ತು.

ಚನ್ನಬಸವ ಒಣ ಗಿಡವನ್ನು ಕೈಗೆತ್ತಿಕೊಂಡು, ಮಣ್ಣನ್ನು ಬೆರಳಲ್ಲಿ ಪುಡಿಮಾಡಿದ. “ಮಣ್ಣು ಹಿಡ್ಕಂಡು ಕೋರ್ಟಿಗೆ ಓಯ್ತೀರಾ ಸಾ?”

“ಮಣ್ಣು ಒಂದೇ ಸಾಲದು. ಗೊತ್ತು.”

“ಮತ್ತೆ?”

“ಊಟ ಮಾಡಿ ಮಾತಾಡೋಣ. ಹೊತ್ತಾಯಿತು.”

ಚನ್ನಬಸವನ ಬೆನ್ನ ಹಿಂದೆ ಗೋಣಿಚೀಲ ಮುಚ್ಚಿದ್ದ ಕ್ಯಾರಿಯರ್ ಒಂದಿತ್ತು. ಇನ್‌ಸ್ಪೆಕ್ಟರ್ ತೆಪ್ಪ ಹತ್ತುವಾಗಲೇ ಅದನ್ನು ಗಮನಿಸಿದ್ದರು.

“ಅದಾ? ತ್ವಾಟದ ಕೆಲಸಕ್ಕೆ ಅಂತ ಕಟ್ಸಿದ್ದೆ. ನೀವು ಉಣ್ಣಿ ಸಾ. ನಂಗೆ ಹಸಿವಿಲ್ಲ.”

“ಇಷ್ಟು ಹೊತ್ತು ಹುಟ್ಟು ಹಾಕಿ ಹಸಿವಿಲ್ಲವಾ?”

“ಇಲ್ಲ.”

ಗುರುಪಾದಸ್ವಾಮಿ ಎಳೆದುಕೊಂಡು ಮುಚ್ಚಳ ತೆಗೆದರು. ಮೂರು ಮುದ್ದೆ, ಹುರುಳಿಕಾಳಿನ ಸಾರು, ಈರುಳ್ಳಿ. ಕೆಳಗಿನ ಡಬ್ಬಿಯಲ್ಲಿ ಊಟವಿರಲಿಲ್ಲ. ಒಂದು ಕಟ್ಟು ಬೀಡಿ, ಒಂದು ಬೆಂಕಿಪೊಟ್ಟಣ.

“ಬೀಡಿ ಯಾವಾಗಿಂದ?”

“ಆಳುಗಳಿಗೆ.”

“ಯಾವ ಆಳು? ನಿಮ್ಮ ತೋಟದಲ್ಲಿ ಈ ವಾರ ಆಳಿಲ್ಲ. ಕೇಳಿದ್ದೇನೆ. ಪಂಪ್‌ಹೌಸಿನ ಚಿಕ್ಕಮಾದಪ್ಪ ಒಬ್ಬ ಇದ್ದ.”

“ಅವ್ನು ಬೆಟ್ಟಕ್ಕೆ ಓಗವ್ನೆ. ದೊಡ್ಡಪ್ಪ ಸಾಯೋಕೆ ಮುಂಚೇನೆ ಓದ. ಹರಕೆ ಇತ್ತಂತೆ, ನಡ್ಕಂಡೇ ಓಯ್ತೀನಿ ಅಂದ.”

“ಊರೆಲ್ಲ ಅದನ್ನೇ ಹೇಳ್ತಾರೆ. ನಿಮ್ಮ ಬಾಯಿಂದ ಕೇಳಿದ್ದನ್ನ ಹೇಳ್ತಾರೆ. ನಾನು ಹನೂರಿನಲ್ಲಿ ವಿಚಾರಿಸಿದೆ. ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವವನು ಹನೂರು ದಾಟಬೇಕು, ಎಲ್ಲಾದರೂ ಕೂತು ಟೀ ಕುಡಿಯಬೇಕು. ಅವನನ್ನು ಕಂಡವರು ಒಬ್ಬರಿಲ್ಲ. ಬಾಯಲ್ಲಿ ಬೀಡಿ ಇಲ್ಲದೆ ಅವನನ್ನು ನೋಡಿದವರೂ ಇಲ್ಲವಂತೆ.”

ಚನ್ನಬಸವ ಸೊಪ್ಪಿನ ಕಡೆ ತಿರುಗಿದ. ಕಾಲ್ಬೆರಳು ನೀಳವಾದ ಒಂದು ನೀರುಹಕ್ಕಿ ಎಲೆಯಿಂದ ಎಲೆಗೆ ಕಾಲಿಡುತ್ತ ತೆಪ್ಪದ ಪಕ್ಕದಲ್ಲೇ ನಡೆದು ಹೋಯಿತು. ಆ ಸೊಪ್ಪಿನ ಮೇಲೆ ನಡೆಯಬಲ್ಲದ್ದು ಅದೊಂದೇ.

“ರಂಗರಾಜು ಹೆಂಡತಿ ದಿನಾ ಬೆಳಗ್ಗೆ ಗಂಡನಿಗೋಸ್ಕರ ದಿಂಡು ಕಟ್ಟಿದಳು. ಆ ದಾರಿಯಲ್ಲೇ ದಿನಾ ಮಧ್ಯಾಹ್ನ ನೀನು ಊಟ ಒಯ್ದೆ,” ಎಂದರು ಇನ್‌ಸ್ಪೆಕ್ಟರ್. ಮೊದಲ ಸಲ ಏಕವಚನ ಬಂದಿತ್ತು. “ಗಾಡಿದಾರಿಯಲ್ಲಿ ಹೋದರೆ ನಾಲ್ಕು ಜನ ಕೇಳ್ತಾರೆ, ಎಲ್ಲಿಗೆ ಬುದ್ಧಿ, ಕ್ಯಾರಿಯರ್ ಅಂತ. ನೀರಿನ ಮೇಲೆ ಯಾರು ಕೇಳ್ತಾರೆ? ಚಿಕ್ಕಮಾದಪ್ಪ ಬದುಕಿದ್ದಾನೆ. ಪಂಪ್‌ಹೌಸಿನಲ್ಲಿದ್ದಾನೆ. ಅವನು ನೋಡಿದ್ದಾನೆ.”

“ಸಾ…”

“ನಾಳೆ ಬೆಳಗ್ಗೆ ರಂಗರಾಜು ಮೈಸೂರಿಗೆ ಹೋಗ್ತಾನೆ. ಅವನು ಹಗ್ಗ ಕಟ್ಟಿದ್ದು ಬಾಳೆದಿಂಡಿಗೆ. ನಿನ್ನ ದೊಡ್ಡಪ್ಪನಿಗಲ್ಲ. ಕಟ್ಟಿದವನು ನೀನು.”

ಚನ್ನಬಸವ ಹುಟ್ಟಿನ ಹಿಡಿಯನ್ನು ಬೆರಳಿನಿಂದ ಉಜ್ಜುತ್ತಿದ್ದ. ಗಾಳಿ ಇನ್ನಷ್ಟು ಏರಿತು. ತೆಪ್ಪ ಒಂದು ಬದಿಗೆ ಸ್ವಲ್ಪ ಎದ್ದಿತು. ಸೊಪ್ಪು ಅದರ ಕೆಳಗೂ ನುಗ್ಗುತ್ತಿತ್ತು.

“ಅಲ್ಲಿಂದ ತಂದೆ ಸಾ,” ಎಂದ ಕೊನೆಗೆ. “ಹಗ್ಗ ಕಟ್ಟಿದ್ದೂ ನಾನೇ. ಯಾರ್ಗೂ ಕಾಣಬಾರ್ದು ಅಂತ ಮೈಗೆ ಸೊಪ್ಪು ಸುತ್ತಿದ್ದೆ, ಅದು ಕಳಚ್ಕಬಾರ್ದು ಅಂತ ಕಟ್ದೆ. ಆದ್ರೆ ಸತ್ತ ಮ್ಯಾಲೆ ತಂದೆ. ನಾನು ಓಗೋ ಹೊತ್ಗೆ ಸತ್ತೋಗಿದ್ರು. ಮಾದಪ್ಪನ ಆಣೆ.”

“ಯಾರು ಕೊಂದರು?”

“ಅದೊಂದು ಕೇಳ್ಬ್ಯಾಡಿ.”

“ಅದೊಂದನ್ನೇ ಕೇಳ್ತಿರೋದು. ಇಲ್ಲಿಂದ ನೀನೂ ಹೋಗೋಕಾಗಲ್ಲ, ನಾನೂ ಹೋಗೋಕಾಗಲ್ಲ. ಸಂಜೆವರೆಗೂ ಕೇಳ್ತೀನಿ.”

ಚನ್ನಬಸವನ ಮುಖದಲ್ಲಿ ನಗುವಿನಂಥದು ಬಂದು ಹೋಯಿತು. ಅವನ ಕಣ್ಣು ಇನ್‌ಸ್ಪೆಕ್ಟರರ ಭುಜದ ಆಚೆಗೆ ಹೋಯಿತು.

“ದಿಂಡು,” ಎಂದ.

ಗುರುಪಾದಸ್ವಾಮಿ ತಿರುಗಿದರು. ಸೊಪ್ಪಿನ ನಡುವೆ ಬಾಳೆದಿಂಡುಗಳ ಸಾಲು ಕಾಣುತ್ತಿತ್ತು. ದಾರಿಯ ಉದ್ದಕ್ಕೆ ನೆಟ್ಟಗೆ ಇರಬೇಕಾದದ್ದು ಹಾವಿನಂತೆ ಸೊಟ್ಟಗಾಗಿ ತೆಪ್ಪದ ಹತ್ತಿರಕ್ಕೆ ಬಂದಿತ್ತು.

“ಗಾಳಿಗೆ ಜಗ್ಗಿರಬೇಕು.”

“ಗಾಳಿಗೆ ಜಗ್ಗಲ್ಲ ಸಾ. ರಂಗರಾಜು ಹಗ್ಗ, ಆನೆ ಕಟ್ಬೋದು.” ಚನ್ನಬಸವ ಗಳದ ತುದಿಯಿಂದ ಹಗ್ಗವನ್ನು ಎಳೆದುಕೊಂಡ. ಎರಡು ಕೈಯಲ್ಲಿ ಜಗ್ಗತೊಡಗಿದ. ಮೂಡಲ ಕಡೆಯದು ಬಿಗಿಯಾಗಿತ್ತು, ಬರಲಿಲ್ಲ; ಸೊಪ್ಪಿನಲ್ಲಿ ಸಿಕ್ಕ ತೆಪ್ಪವೂ ಕದಲಲಿಲ್ಲ. ಪಡುವಲ ಕಡೆಯದು ಬಂತು. ಬರುತ್ತಲೇ ಇತ್ತು. ಒಂದು ದಿಂಡು, ಮತ್ತೊಂದು ದಿಂಡು, ಕೊನೆಗೆ ಬರಿಯ ಹಗ್ಗ.

ತುದಿ ನೆಟ್ಟಗೆ ಕತ್ತರಿಸಿತ್ತು. ಒಂದು ಎಳೆಯೂ ಹಿಂಜಿರಲಿಲ್ಲ. ಒಳಗಿನ ನಾರು ಇನ್ನೂ ಬಿಳುಪಾಗಿತ್ತು.

“ಕುಡುಗೋಲು,” ಎಂದರು ಇನ್‌ಸ್ಪೆಕ್ಟರ್.

ದಾರಿ ಮುಚ್ಚಿದ್ದು ಗಾಳಿಯಿಂದಲ್ಲ. ಪಡುವಲ ದಡದಲ್ಲಿ, ಹೊಂಗೆ ಮರದ ಬುಡದಲ್ಲಿ, ಯಾರೋ ಹಗ್ಗ ಕಡಿದಿದ್ದರು. ತೆಪ್ಪ ಕೆರೆಯ ನಡುವಿಗೆ ಬರುವವರೆಗೆ ಕಾದು ಕಡಿದಿದ್ದರು.

ಇಬ್ಬರೂ ಆ ಕಡೆ ನೋಡಿದರು. ಪಂಪ್‌ಹೌಸಿನ ಹೆಂಚು, ಹೊಂಗೆ ಮರ, ಅದರ ಕೆಳಗೆ ನೆರಳು. ನೆರಳಿನಲ್ಲಿ ಬಿಳಿ ಬಟ್ಟೆಯಂಥದು ಸರಿದು ಗೋಡೆಯ ಹಿಂದಕ್ಕೆ ಹೋಯಿತು. ಗಂಡಸೋ ಹೆಂಗಸೋ ಹೇಳುವಷ್ಟು ಹತ್ತಿರವಿರಲಿಲ್ಲ.

“ಚಿಕ್ಕಮಾದಪ್ಪ ತಪ್ಪಿಸಿಕೊಂಡ. ನಿನ್ನ ತೆಪ್ಪ ಬರೋದು ನೋಡಿ ಕಡಿದ,” ಎಂದರು ಗುರುಪಾದಸ್ವಾಮಿ.

“ಇಲ್ಲ ಸಾ. ಅವ್ನು ಎಂಗೆ ಬತ್ತನೆ? ಬೀಗ ಹಾಕಿವ್ನಿ.” ಚನ್ನಬಸವನ ಕೈ ತಾನಾಗಿ ಉಡಿದಾರಕ್ಕೆ ಹೋಯಿತು. ಕೀ ಅಲ್ಲೇ ಇತ್ತು. ಇಷ್ಟು ಹೊತ್ತು ಸಿಕ್ಕಿಬಿದ್ದದ್ದು ಇನ್‌ಸ್ಪೆಕ್ಟರ್ ಎಂಬಂತೆ ಕೂತಿದ್ದವನು ಈಗ ಸುತ್ತಲಿನ ಸೊಪ್ಪನ್ನು ಹೊಸದಾಗಿ ನೋಡುತ್ತಿದ್ದ.

“ನಾನು ಬೀಗ ಹಾಕಿದ್ದು ಅವ್ನು ಬಾಯಿ ಬುಡಬಾರ್ದು ಅಂತಲ್ಲ,” ಎಂದ. “ಬದುಕ್ಕಳ್ಲಿ ಅಂತ. ಎಲ್ಲವ್ನೆ ಅಂತ ಗೊತ್ತಾದ್ರೆ ಉಳಿಸಾಕಿಲ್ಲ ಅಂತ. ಬೆಟ್ಟಕ್ಕೋದ ಅಂತ ನಾನೇ ಊರ ತುಂಬ ಹಬ್ಬಿಸ್ದೆ. ಈಗ ಗೊತ್ತಾಗೋಗದೆ ಸಾ. ಗೊತ್ತಾಗೋಗದೆ.”

“ಯಾರಿಗೆ?”

ಚನ್ನಬಸವ ಅಂಗಿ ಬಿಚ್ಚುತ್ತಿದ್ದ.

“ಯಾರಿಗೋ ಚನ್ನಬಸವ? ಹೆಸರು ಹೇಳು!”

ಗುರುಪಾದಸ್ವಾಮಿ ಮೂಡಲ ದಡದ ಕಡೆ ತಿರುಗಿ ಕೂಗಿದರು. ಗಾಳಿ ಆ ದಿಕ್ಕಿಗೇ ಬೀಸುತ್ತಿದ್ದುದರಿಂದ ಮಾತು ಹೋಗಿ ಮುಟ್ಟಿತು. “ಶಿವಯ್ಯಾ! ಪಂಪ್‌ಹೌಸು! ಸೈಕಲ್ ತಗೊಂಡು ಹೋಗು! ಬೇಗ!” ಮೆಟ್ಟಿಲ ಮೇಲಿನ ಖಾಕಿ ಚುಕ್ಕೆ ಎದ್ದು ನಿಂತಿತು. ಅದು ಏನು ಉತ್ತರ ಕೊಟ್ಟಿತೋ ಇತ್ತ ಕೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಏರಿಯ ಮೇಲೆ ಸೈಕಲ್ ಕಂಡಿತು. ಎದುರುಗಾಳಿಗೆ ಶಿವಯ್ಯ ಹ್ಯಾಂಡಲ್ ಮೇಲೆ ಬಗ್ಗಿ ತುಳಿಯುತ್ತಿದ್ದ.

“ಬಳಸಿ ಓಗಬೇಕು ಅವ್ರು. ಮುಕ್ಕಾಲು ಗಂಟೆ,” ಎಂದ ಚನ್ನಬಸವ. ಪಂಚೆಯನ್ನು ಕಚ್ಚೆ ಹಾಕಿದ್ದ. “ಅಷ್ಟೊತ್ಗೆ ಮುಗ್ಸಿರ್ತರೆ.”

“ಕೂತುಕೋ. ಈಗ ನೀನೇ ಹೇಳಿದೆ, ಮುಳುಗಿದರೆ ತೂತು ಸಿಗಲ್ಲ ಅಂತ.”

“ಗೊತ್ತಿರೋರಿಗೆ ಒಂದೊಂದ್ಸಲ ಸಿಕ್ತದೆ.”

ಇನ್‌ಸ್ಪೆಕ್ಟರ್ ಅವನ ಮುಂಗೈ ಹಿಡಿದರು. ರಂಗರಾಜುವನ್ನು ಬಿಡಿಸಬಲ್ಲ ಬಾಯಿ ಎರಡೇ ಇದ್ದವು. ಒಂದು ಇಲ್ಲಿ, ಒಂದು ಆ ಬೀಗದ ಹಿಂದೆ. ಎರಡೂ ಒಂದೇ ಮಧ್ಯಾಹ್ನ ಕೈತಪ್ಪಬಾರದು.

“ಬುಡಿ ಸಾ. ನೀವು ಬರ್ಕೊಳ್ಳೋಕೆ ಅವ್ನು ಬದುಕಿರ್ಬೇಕಲ್ಲ.”

“ಮೊದಲು ಹೆಸರು.”

ಚನ್ನಬಸವ ಕೈ ಕಿತ್ತುಕೊಳ್ಳಲು ಎದ್ದ. ದುಂಡನೆಯ ತೆಪ್ಪ ಒಂದೇ ಬದಿಗೆ ವಾಲಿತು. ಅಂಚಿನ ಮೇಲಿಂದ ನೀರು, ನೀರಿನೊಂದಿಗೆ ಒಂದು ತೆಕ್ಕೆ ಸೊಪ್ಪು ಒಳಗೆ ಬಂದು ಇನ್‌ಸ್ಪೆಕ್ಟರರ ಎದೆಯ ಮೇಲೆ ಬಿತ್ತು. ಕ್ಯಾರಿಯರ್ ಉರುಳಿತು. ಅವರು ಅಂಚು ಹಿಡಿಯಲೇಬೇಕಾಯಿತು. ಕೈ ಬಿಟ್ಟರು.

ತೆಪ್ಪ ನೆಟ್ಟಗಾದಾಗ ಅವರೊಬ್ಬರೇ ಇದ್ದರು.

ಚನ್ನಬಸವ ಇಳಿದ ಜಾಗದಲ್ಲಿ ಒಂದು ಕ್ಷಣ ಕಪ್ಪು ನೀರು ಕಂಡಿತು. ಎಲೆಗಳು ಒಂದಕ್ಕೊಂದು ತಾಗಿ ಅದನ್ನು ಮುಚ್ಚಿದವು. ಆಮೇಲೆ ಸೊಪ್ಪಿನ ಕೆಳಗೆ ಒಂದು ಉಬ್ಬು ಪಡುವಲಕ್ಕೆ ಸರಿಯತೊಡಗಿತು. ಅದು ಹೋದಲ್ಲೆಲ್ಲ ನೇರಳೆ ಹೂಗಳು ತಲೆಯಾಡಿಸಿದವು. ಸ್ವಲ್ಪ ದೂರದಲ್ಲಿ ಎಲೆಗಳನ್ನು ಸೀಳಿಕೊಂಡು ತಲೆಯೊಂದು ಮೇಲೆ ಬಂತು. ಬಾಯಿ ತೆರೆದು ಉಸಿರು ಎಳೆಯಿತು. ಮತ್ತೆ ಮುಳುಗಿತು.

ಗುರುಪಾದಸ್ವಾಮಿ ಗಳ ಎತ್ತಿ ಹಿಡಿದು ಕಾದರು. ಗಳ ಅಷ್ಟು ದೂರ ಎಟುಕುವಂತಿರಲಿಲ್ಲ. ಆದರೂ ಹಿಡಿದಿದ್ದರು.

ಉಬ್ಬು ಇನ್ನಷ್ಟು ಮುಂದೆ ಹೋಯಿತು. ಅಲ್ಲಿ ಸೊಪ್ಪು ದಟ್ಟವಾಗಿತ್ತು. ಹೂಗಳು ಅಲ್ಲಾಡಿದವು. ನಿಂತವು. ಆಮೇಲೆ ಕೆರೆಯ ಎಲ್ಲ ಹೂಗಳ ಹಾಗೆ ಗಾಳಿಗೆ ಮಾತ್ರ ಅಲ್ಲಾಡಿದವು.

ಅವರು ಚನ್ನಬಸವನ ಹೆಸರು ಹಿಡಿದು ಕೂಗಿದರು. ಗಾಳಿ ಆ ಹೆಸರನ್ನು ಬೇಡದ ದಿಕ್ಕಿಗೆ ಒಯ್ದಿತು.

ಶಿವಯ್ಯ ಪಂಪ್‌ಹೌಸ್ ತಲುಪಿದಾಗ ಬಾಗಿಲು ತೆರೆದಿತ್ತು. ಬೀಗ ಒಡೆದಿರಲಿಲ್ಲ; ಕೀಯಿಂದ ತೆಗೆದು ಚಿಲಕಕ್ಕೆ ಸಿಕ್ಕಿಸಿದ್ದರು. ಅದು ಚನ್ನಬಸವನ ಕೀಯೋ, ಇನ್ನೊಬ್ಬರ ಬಳಿಯಿದ್ದ ಎರಡನೇ ಕೀಯೋ ಗೊತ್ತಾಗಲಿಲ್ಲ. ಒಳಗೆ ಒಂದು ಚಾಪೆ, ಒಂದು ತಟ್ಟೆ, ಮೂಲೆಯಲ್ಲಿ ಬೀಡಿ ತುಂಡುಗಳು. ಚಿಕ್ಕಮಾದಪ್ಪ ಇರಲಿಲ್ಲ. ಗಾಳಿ ಇಳಿದು ತೆಪ್ಪ ಮೆಟ್ಟಿಲು ಮುಟ್ಟುವ ಹೊತ್ತಿಗೆ ಸೂರ್ಯ ಮುಳುಗಿದ್ದ. ಊರಿನವರು ಲಾಟೀನು ಹಿಡಿದು ಪಡುವಲ ದಡದ ಉದ್ದಕ್ಕೂ ಹುಡುಕಿದರು. ಚನ್ನಬಸವ ನೀರಿನಲ್ಲೂ ಸಿಗಲಿಲ್ಲ, ನೆಲದಲ್ಲೂ ಸಿಗಲಿಲ್ಲ.

ತೆಪ್ಪದಲ್ಲಿ ಕೇಳಿದ ಮಾತಿಗೆ ಸಾಕ್ಷಿ ಇರಲಿಲ್ಲ. ಮರುದಿನ ಬೆಳಗ್ಗೆ ರಂಗರಾಜುವನ್ನು ಮೈಸೂರಿನ ವ್ಯಾನಿಗೆ ಹತ್ತಿಸಿದರು.